ಎಣ್ಣೆ ಒರೆಸಿದ ಕಾವಲಿ

ನನ್ನ ಮೊದಲ ಫೋಟೋ ಪ್ರದರ್ಶನಕ್ಕೆ ಆರಿಸಿದ ಚಿತ್ರ ಅಪ್ಪನದ್ದು. ಮುಂಬಯಿಯ ಸಾಂತಾಕ್ರೂಜಿನ ಉಡುಪಿ ಹೋಟೆಲಿನಲ್ಲಿ ಜೀವಮಾನವಿಡೀ ದೋಸೆ ಹೊಯ್ದವರು ಅವರು. ಅವರು ಕೆಲಸ ಬಿಡುವ ಮೊದಲು ಒಂದು ಬೆಳಿಗ್ಗೆ ನಾನು ತೆಗೆದ ಕಪ್ಪು-ಬಿಳುಪು ಫೋಟೋ: ಕರಿ ಕಾವಲಿ, ಅದರ ಮೇಲೆ ಏಳುವ ಹಬೆ, ಹಿಟ್ಟಿನ ಸೌಟು ಹಿಡಿದು ಕಾಯುತ್ತಿರುವ ಕೈ. ಫೋಟೋ ತೆಗೆಯುವುದನ್ನು ಅಪ್ಪ ಒಂದು ದಿನವೂ ಕೆಲಸ ಎಂದು ಕರೆದವರಲ್ಲ. "ಗುಂಡಿ ಒತ್ತುದು ಎಂತ ಕೆಲಸ ಮಾರಾಯ್ತಿ?" ಎನ್ನುವರು. ಈ ಒಂದು ಚಿತ್ರ ನೋಡಿಯಾದರೂ ಅವರ ಬಾಯಿಂದ ಕೆಲಸ ಎಂಬ ಮಾತು ಬರಬೇಕು ಎಂಬ ಹಟ ನನಗೆ.

ಪ್ರಿಂಟ್ ಹಾಕುವವರ ಅಂಗಡಿ ಜೋಗೇಶ್ವರಿಯ ಸಣ್ಣ ಕಾರ್ಖಾನೆಗಳ ನಡುವೆ. ಯಾವ ಕಾಗದ ಎಂದು ನಾನು ಎರಡು ವಾರ ಕಂಡಕಂಡವರನ್ನೆಲ್ಲ ಕೇಳಿದ್ದೆ. ಹೊಳಪಿನದ್ದೇ ಆಗಲಿ, ಕಪ್ಪು ಗಾಢವಾಗಿ ಬರುತ್ತದೆ ಎಂದಿದ್ದರು. ಅಪ್ಪನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ! ಪ್ರಿಂಟ್ ನೋಡಲು ಹೋದ ದಿನ ಅವರು ಜೊತೆಗೆ ಬಂದದ್ದೂ ಮುಲುಂಡಿನ ಮನೆಯಲ್ಲಿ ಕೂತು ಕೂತು ಬೇಜಾರಾಗಿ.

ಪ್ರಿಂಟಿನವರು ಅದೇ ಚಿತ್ರವನ್ನು ಎರಡು ಕಾಗದಗಳಲ್ಲಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಹೊಳಪಿನದ್ದು. ಇನ್ನೊಂದು ಹತ್ತಿಯ ನಾರಿನಿಂದ ಮಾಡಿದ, ಹೊಳಪಿಲ್ಲದ ದಪ್ಪ ಕಾಗದ. ಹೊಳಪಿನದ್ದನ್ನು ನೋಡಿ ನಾನು ಕುಣಿಯುವುದೊಂದು ಬಾಕಿ. ಅಪ್ಪ ಮಾತ್ರ ಮುಖ ಗಂಟಿಕ್ಕಿದರು.

"ಇದ್ಯಾರ ಕಾವಲಿ?"

"ನಿಮ್ಮದೇ ಅಪ್ಪ."

"ಇಷ್ಟು ಎಣ್ಣೆ ಹೊಳೀತಾ ಉಂಟಲ್ಲ! ಒರೆಸದೆ ನಾನು ಹಿಟ್ಟು ಹಾಕಿದ್ದುಂಟಾ? ಹಿಟ್ಟು ಜಾರ್ತದೆ, ದೋಸೆ ಹರಡುದೇ ಇಲ್ಲ. ಹೋಟೆಲಿನವ್ರು ನೋಡಿದ್ರೆ ನಗಾಡ್ತಾರೆ."

ಅದು ಎಣ್ಣೆಯಲ್ಲ, ಕಾಗದದ ಹೊಳಪು ಎಂದು ಸಿಟ್ಟಿನಿಂದಲೇ ವಾದಿಸಿದೆ. ಆದರೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಕಾವಲಿ ನಿಜಕ್ಕೂ ಎಣ್ಣೆ ಸುರಿದ ಹಾಗೆ ಮಿನುಗುತ್ತಿತ್ತು. ಅಪ್ಪನ ತಕರಾರನ್ನು ಹಿಂದಿಯಲ್ಲಿ ತಿಳಿಸಿದಾಗ ಪ್ರಿಂಟಿನವರು ನಕ್ಕು, "ಅಂಕಲ್ ಸಹೀ ಬೋಲ್ ರಹೇ ಹೈಂ," ಎಂದು ಅಪ್ಪನ ಮಾತನ್ನೇ ಒಪ್ಪಿ ಹತ್ತಿಯ ಕಾಗದವನ್ನು ಮುಂದೆ ಸರಿಸಿದರು.

ಅದರಲ್ಲಿ ಕಪ್ಪು ಸ್ವಲ್ಪ ಕಡಿಮೆಯೇ. ಆದರೆ ಕಾವಲಿ ಒಣಗಿತ್ತು, ಹಬೆ ಮೆತ್ತಗೆ ಏಳುತ್ತಿತ್ತು. ಅಪ್ಪ ಅಂಗೈ ಮಗುಚಿ, ಚಿತ್ರಕ್ಕೆ ತಾಗದಂತೆ, ಕೈಯ ಹಿಂಬದಿಯನ್ನು ಅದರ ಮೇಲೆ ಹಿಡಿದರು. ಅವರು ಕಾವು ನೋಡುತ್ತಿದ್ದದ್ದು ಹಾಗೆಯೇ. ಬೆರಳ ತುದಿಗಳಿಗೆ ಬಿಸಿ ತಿಳಿಯುವುದು ನಿಂತು ಎಷ್ಟೋ ಕಾಲವಾಗಿದೆ.

"ಹ್ಞಾಂ, ಈಗ ಹಿಟ್ಟು ಹಾಕ್ಬಹುದು," ಎಂದರು. "ಕೆಲಸ ಅಂದ್ರೆ ಇದು, ಮಗಾ."

ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಕಾಗದ ಆರಿಸಿದ್ದು ಅವರೇ ಎಂದು ನಾನು ನೆನಪಿಸಲು ಹೋಗಲಿಲ್ಲ.