ದೇವರ ಪರವಾಗಿ ಸೋಲುತ್ತಿದ್ದವನು

ಕಿದಿರಾಲಿ ಕಸುಬಿನಲ್ಲಿ ಕುದುರೆಗೆ ಲಾಳ ಕಟ್ಟುವವನು. ಅದರ ಜೊತೆಗೆ ಒಂಬತ್ತು ವರ್ಷ ಅವನು ದೇವರ ಪರವಾಗಿ ವಾದ ಮಾಡಿ ಸೋತ. ಜಿಲ್ಲೆಯ ಇಪ್ಪತ್ತಮೂರು ಊರುಗಳಲ್ಲಿ, ಚಳಿಗಾಲಕ್ಕೊಂದು ಸುತ್ತಿನಂತೆ, ಒಮ್ಮೆಯೂ ತಪ್ಪದೆ ಸೋತ. ಆ ಕೆಲಸದಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಶುರುವಾದದ್ದು ಸಾವಿರದ ಒಂಬೈನೂರ ಐವತ್ತೆರಡನೇ ಇಸವಿಯಲ್ಲಿ. ಸರ್ಕಾರವೇ ನೇಮಿಸಿದ್ದ ನಾಸ್ತಿಕವಾದದ ಉಪನ್ಯಾಸಕ ಇಸಾಬೆಕ್ ಜಿಲ್ಲಾ ಕೇಂದ್ರದಿಂದ ಗಾಡಿ ಕಟ್ಟಿಕೊಂಡು ಕಿದಿರಾಲಿಯ ಊರಾದ ಕೋಕ್‌ಜಾರ್‌ಗೆ ಬಂದು, ಊರ ಸಭೆ ಸೇರುವ ಕ್ಲಬ್ಬಿನಲ್ಲಿ ಎರಡು ಗಂಟೆ ಹೊತ್ತು ದೇವರಿಲ್ಲವೆಂದು ತೋರಿಸಿಕೊಟ್ಟು, ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದ. ಇನ್ನೂರು ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಇಸಾಬೆಕನಿಗೆ ಇದು ಪೀಕಲಾಟ. ಅವನ ವರದಿ ಹಾಳೆಯಲ್ಲಿ ‘ಸಭಿಕರು ಎತ್ತಿದ ಪ್ರಶ್ನೆಗಳು’ ಎಂದೊಂದು ಅಂಕಣವಿತ್ತು. ಅದು ಖಾಲಿ ಹೋದರೆ ಇವನು ಊರಿಗೆ ಹೋಗದೆ ದಾರಿಯಲ್ಲೇ ಎಲ್ಲೋ ಕುರಿಮಾಂಸ ತಿಂದು ವಾಪಸಾದ ಎಂದು ಮೇಲಿನವರು ತಿಳಿಯುತ್ತಿದ್ದರು.

ಹಿಂದಿನ ಬೆಂಚಿನಿಂದ ಕಿದಿರಾಲಿ ಎದ್ದ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

“ಕಾಮ್ರೇಡ್, ನಿಮ್ಮ ಕುದುರೆಗೆ ಈಗ ತಾನೇ ನಾಲ್ಕು ಲಾಳ ಕಟ್ಟಿ ಬಂದೆ. ಆ ಲಾಳ ತಾನಾಗೇ ಆಯ್ತು ಅಂತ ಯಾರೂ ಅನ್ನಲ್ಲ. ಹಂಗಿದ್ಮೇಲೆ ಕುದುರೆ ತಾನಾಗೇ ಆಯ್ತು ಅಂತ ಹೆಂಗನ್ನೋದು?”

ಇಸಾಬೆಕನ ಮುಖ ಅರಳಿತು. “ಗೊರಸು ಬೆಳೆಯುತ್ತಲ್ಲ, ಅದನ್ನ ಯಾವ ಕಮ್ಮಾರ ಬಡಿದ? ಹುಲ್ಲು ತಿನ್ನುತ್ತೆ, ಬೆಳೆಯುತ್ತೆ. ನೀನೇ ಹೆರೆದು ಹೆರೆದು ಬಿಸಾಕ್ತೀಯ. ಕಮ್ಮಾರ ಇಲ್ಲದೇನೂ ಆಗೋ ವಸ್ತು ಲೋಕದಲ್ಲಿದೆ ಅಂತಾಯ್ತಲ್ಲ.”

“ಅದೂ ಹೌದು,” ಎಂದು ಕಿದಿರಾಲಿ ಕೂತ. ಜನ ಚಪ್ಪಾಳೆ ತಟ್ಟಿದರು. ಮನೆಗೆ ಹೋಗಬಹುದು ಎಂಬ ಸಂತೋಷವೂ ಅದರಲ್ಲಿ ಸೇರಿತ್ತು.

ಮರುದಿನ ಇಸಾಬೆಕ್ ಲಾಳದ ಕೊಟ್ಟಿಗೆಗೆ ಬಂದ. “ಮುಂದಿನ ಊರಲ್ಲೂ ಬಂದು ಇದನ್ನೇ ಕೇಳ್ತೀಯೇನಪ್ಪಾ?”

“ಉತ್ತರ ಗೊತ್ತಾಯ್ತಲ್ಲ ಇಸಾಕೆ, ಮತ್ಯಾಕೆ ಕೇಳೋದು?” ಹಿರಿಯರ ಹೆಸರನ್ನು ಅರ್ಧಕ್ಕೆ ಮುರಿದು ‘ಕೆ’ ಹಚ್ಚಿ ಕರೆಯುವುದು ಕಿರ್ಗಿಜ್ ಜನರ ಮರ್ಯಾದೆ.

“ನಿನಗೆ ಗೊತ್ತಾಯ್ತು. ಆ ಊರಿನವರಿಗೆ ಗೊತ್ತಾಗಬೇಡವೇ?”

ಹೀಗೆ ಕಿದಿರಾಲಿ ಗಾಡಿ ಹತ್ತಿದ. ಇಸಾಬೆಕ್ ಸ್ವಾಭಿಮಾನದ ಮನುಷ್ಯ; ಸೊರಗಿದವನನ್ನು ಕೆಡವಿ ಪೈಲ್ವಾನನೆನಿಸಿಕೊಳ್ಳುವುದು ಅವನಿಗೆ ಹೇಸಿಗೆ. ಆದ್ದರಿಂದ ಎದುರಾಳಿಯನ್ನು ತಾನೇ ಸಾಕಿ ಬೆಳೆಸಿದ. ಅವನ ತಾತ ಹಿಂದಿನ ಕಾಲದಲ್ಲಿ ಮದರಸದಲ್ಲಿ ಪಾಠ ಹೇಳುತ್ತಿದ್ದವರು. ತಾತನ ಒಂದು ಪೆಟ್ಟಿಗೆ ಅರಬ್ಬಿ ಪುಸ್ತಕ ಇಸಾಬೆಕನ ಮಂಚದ ಕೆಳಗಿತ್ತು. ಶತ್ರುವಿನ ಆಯುಧ ತಿಳಿದಿರಬೇಕು ಎಂಬ ಕಾರಣ ಕೊಟ್ಟು ಅವನ್ನು ಇಟ್ಟುಕೊಳ್ಳಲು ಅಪ್ಪಣೆ ಪಡೆದಿದ್ದ. ಅದರಿಂದ ದೇವರಿರುವುದಕ್ಕೆ ಗಟ್ಟಿ ಗಟ್ಟಿ ಕಾರಣಗಳನ್ನು ಆರಿಸಿ, ಲಾಳದವನ ಬಾಯಿಗೆ ಒಗ್ಗುವ ಹಾಗೆ ಮಾಡಿಕೊಡುತ್ತಿದ್ದ. ಈ ಮರಿ ಆ ಕುದುರೆಯದು, ಆ ಕುದುರೆ ಅದರ ತಾಯಿಯದು, ಹೀಗೇ ಹಿಂದೆ ಹೋದರೆ ಎಲ್ಲಾದರೊಂದು ಕಡೆ ನಿಲ್ಲಬೇಕಲ್ಲ ಎಂದು ಕಿದಿರಾಲಿ ಕೇಳುವುದು. ನಿಲ್ಲಲೇಬೇಕೆಂದು ಯಾರು ಹೇಳಿದ್ದು, ನಿಂತರೂ ಅಲ್ಲಿ ಸಿಗುವುದು ಇನ್ನೊಂದು ಕುದುರೆ, ದೇವರಲ್ಲ ಎಂದು ಇಸಾಬೆಕ್ ಹೇಳುವುದು. ಕೊನೆಗೆ ಇಸಾಬೆಕ್ ಮೇಜು ತಟ್ಟಿ, ನೋಡಲು, ಮುಟ್ಟಲು, ತೂಗಲು ಸಿಗುವ ಒಂದೇ ಒಂದು ಪುರಾವೆ ಕೊಡು ಎನ್ನುತ್ತಿದ್ದ. ಕಿದಿರಾಲಿ ಮನಸ್ಸಿನಲ್ಲೇ ಏಳರವರೆಗೆ ಎಣಿಸಿ, ಟೋಪಿ ತೆಗೆದು, “ಇಲ್ಲ ಕಾಮ್ರೇಡ್, ಸೋತೆ,” ಎಂದು ಕೂರಬೇಕು.

ಅವನು ಚೆನ್ನಾಗಿ ಸೋಲುತ್ತಿದ್ದ. ಹೆಂಗಸರು ಕನಿಕರದಿಂದ ಅವನ ಜೇಬಿಗೆ ಬೋರ್ಸೋಕ್ ಎಂಬ ಕರಿದ ಹಿಟ್ಟಿನುಂಡೆ ತುಂಬಿ ಕಳಿಸುತ್ತಿದ್ದರು. ಒಂದೂರಿನಲ್ಲಿ ಮಾತ್ರ ಮುದುಕನೊಬ್ಬ ಬಾಗಿಲಲ್ಲಿ ಅಡ್ಡಗಟ್ಟಿ, “ನಮ್ಮೆಲ್ಲರ ಪರವಾಗಿ ಸೋಲೋಕೆ ನಿನ್ನನ್ನ ಯಾರೋ ಕಳಿಸಿದ್ದು?” ಎಂದು ಚಾವಟಿಯಲ್ಲಿ ಎರಡು ಬಿಟ್ಟ. ಕಿದಿರಾಲಿ ಸ್ವಂತಕ್ಕೆ ಏನು ನಂಬಿದ್ದ ಎಂದು ಯಾರೂ ಕೇಳಿರಲಿಲ್ಲ. ಲಾಳ ಕಟ್ಟುವಾಗ ದೇವರಿದ್ದಾನೆ ಅನ್ನಿಸುತ್ತಿತ್ತು, ಇಸಾಬೆಕನ ಮಾತು ಕೇಳುವಾಗ ಇಲ್ಲ ಅನ್ನಿಸುತ್ತಿತ್ತು. ಎರಡು ಕೆಲಸವನ್ನೂ ಅವನು ಶ್ರದ್ಧೆಯಿಂದಲೇ ಮಾಡುತ್ತಿದ್ದ.

ಕಷ್ಟವಿದ್ದದ್ದು ಮನೆಯಲ್ಲಿ. ಅವನ ತಾಯಿ ಬುರುಲ್ಚಾಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಕಿದಿರಾಲಿಗಿಂತ ದೊಡ್ಡವರು ಮೂವರು ಗಂಡುಮಕ್ಕಳು ಯುದ್ಧಕ್ಕೆ ಹೋಗಿ ಮೂವರೂ ಬರಲಿಲ್ಲ. ಮೂರನೆಯವನ ಸಾವಿನ ಕಾಗದ ಬಂದದ್ದು ನಲವತ್ತಮೂರರ ಸುಗ್ಗಿಯಲ್ಲಿ. ಅವತ್ತಿನಿಂದ ಅವಳು ನಮಾಜು ಮಾಡಿರಲಿಲ್ಲ, ಹಬ್ಬದ ದಿನವೂ ದೇವರ ಹೆಸರು ಎತ್ತಿರಲಿಲ್ಲ. ಊರಿನ ಮುದುಕರು ಅವಳನ್ನು ಕಂಡು ತಲೆ ಅಲ್ಲಾಡಿಸುತ್ತಿದ್ದರು. ಇಸಾಬೆಕ್ ಅವಳನ್ನು ಜಿಲ್ಲೆಯ ಅತಿ ಹಿರಿಯ ನಾಸ್ತಿಕಳೆಂದು ವರದಿಯಲ್ಲಿ ಸೇರಿಸಿದ್ದ. ಆದರೆ ಮಗ ಸೋತು ಬಂದ ರಾತ್ರಿಯಿಂದ ಒಂದು ವಾರ ಅವಳು ಅವನಿಗೆ ಬಟ್ಟಲಿನ ಅಂಚಿನವರೆಗೆ ಚಹಾ ಹೊಯ್ದು ಕೊಡುತ್ತಿದ್ದಳು. ಆ ಸೀಮೆಯಲ್ಲಿ ಬೇಕಾದವರಿಗೆ ಕೊಡುವುದು ಅರ್ಧ ಬಟ್ಟಲು. ತುಂಬ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಕಣ್ಣಿಲ್ಲದ ಹೆಂಗಸು, ಬೆರಳು ಒಳಗಿಟ್ಟು ನೋಡಿಕೊಂಡು, ಒಂದು ಹನಿ ಕಮ್ಮಿಯಾಗದಂತೆ ತುಂಬುತ್ತಿದ್ದಳು.

ಅರವತ್ತೊಂದರ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಹೊಸ ಹುಲ್ಲು ಬರುವವರೆಗೆ ಉಳಿಯುವುದು ಕಷ್ಟ ಎಂದು ಊರಿನ ಕಾಂಪೌಂಡರು ಹೇಳಿ ಹೋದ. ಅವನು ಆಚೆ ದಾಟುತ್ತಲೇ ಅವಳು ಮಗನನ್ನು ಹತ್ತಿರ ಕರೆದಳು.

“ಭಾನುವಾರ ನಮ್ಮ ಕ್ಲಬ್ಬಿನಲ್ಲಿ ತಾನೇ?”

“ಹೂಂ ಅಪಾ.” ತಾಯಿಗೂ ಹಿರಿಯ ಹೆಂಗಸರಿಗೂ ಅವರು ಅಪಾ ಎನ್ನುತ್ತಾರೆ.

“ಒಂದು ಸಲ ಗೆಲ್ಲು.”

“ಅಪಾ, ನೀನೇ ನಮಾಜು ಬಿಟ್ಟವಳು. ನಾನು ಗೆದ್ದರೆ ನಿನಗೇನು?”

“ನಾನು ಬಿಟ್ಟಿದ್ದು ನನ್ನಿಷ್ಟ. ಊರು ಕೂಡಿಸಿ ಅವನ ಮರ್ಯಾದೆ ತೆಗೆಯೋಕೆ ನಾನೇನೂ ಹೇಳಿರಲಿಲ್ಲ. ಅದೂ ನನ್ನ ಹೊಟ್ಟೇಲಿ ಹುಟ್ಟಿದವನ ಕೈಲಿ. ಸಾಯೋಕೆ ಮುಂಚೆ ಒಂದು ಸಲ ಗೆದ್ದಿದ್ದು ಕೇಳಬೇಕು. ಇಷ್ಟೇ.”

ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ಕಿದಿರಾಲಿ ಶನಿವಾರ ಇಸಾಬೆಕ್ ಬಂದಿಳಿದ ಕೂಡಲೇ ವಿಷಯ ಮುಂದಿಟ್ಟ. ಇಸಾಬೆಕ್ ತಲೆ ಮೇಲೆ ಕೈ ಹೊತ್ತು ಗಾಡಿಯ ಮೂಕಿಯ ಮೇಲೆ ಕೂತ.

“ಬೇರೆ ವರ್ಷ ಆಗಿದ್ರೆ ಸಮ ಸಮ ಮಾಡಿ ಬಿಡ್ತಿದ್ದೆ ಕಣೋ. ನಾಳೆ ನನ್ನ ಉಪನ್ಯಾಸದ ತಪಾಸಣೆಗೆ ರಾಜಧಾನಿಯಿಂದ ಇನ್‌ಸ್ಪೆಕ್ಟರ್ ಬರ್ತಿದಾಳೆ, ಮಾಮಿರೋವಾ ಅಂತ. ಅವಳೆದುರಿಗೆ ದೇವರು ಗೆದ್ದರೆ ನನ್ನನ್ನ ಬೆಟ್ಟದ ಮೇಲೆ ಕುರಿ ಕಾಯೋಕೆ ಹಾಕ್ತಾರೆ. ಐದು ಮಕ್ಕಳಿದಾವೆ ನನಗೆ.”

“ಅಪಾ ಕೇಳಿದಾಳೆ ಇಸಾಕೆ.”

“ಗೊತ್ತಾಯ್ತು. ನೀನು ಸೋಲ್ತೀಯ ಅಂತಾನೇ ನಾನು ಅಂದ್ಕೋತೀನಿ.”

ಭಾನುವಾರ ಮಧ್ಯಾಹ್ನ ಕಿದಿರಾಲಿಯ ಹೆಂಡತಿ ಅತ್ತೆಯನ್ನು ಕಂಬಳಿ ಸುತ್ತಿ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದಳು. ಮಾಮಿರೋವಾ ಬೂದು ಬಣ್ಣದ ಕೋಟು ತೊಟ್ಟು ಮೇಜಿನ ಪಕ್ಕ ಕೂತಳು. ಲಾಳ, ಗೊರಸು, ಕುದುರೆಯ ತಾಯಿ, ತಾಯಿಯ ತಾಯಿ, ಎಲ್ಲ ಕ್ರಮವಾಗಿ ನಡೆದವು. ಇಸಾಬೆಕ್ ಮೇಜು ತಟ್ಟಿ, ನೋಡಲು, ಮುಟ್ಟಲು, ತೂಗಲು ಸಿಗುವ ಒಂದು ಪುರಾವೆ ಕೊಡು ಎಂದ. ಕಿದಿರಾಲಿ ಏಳರವರೆಗೆ ಎಣಿಸಿದ. ಟೋಪಿ ತೆಗೆಯಲಿಲ್ಲ.

“ಇಸಾಕೆ, ನಾನು ಲಾಳಕ್ಕೆ ಮೊಳೆ ಹೊಡೀತೀನಿ. ಗೊರಸಿನ ಹೊರಗಡೆ ಸತ್ತ ಕೊಂಬು, ಒಳಗಡೆ ಜೀವ ಇರೋ ಮಾಂಸ. ಒಂದು ಕೂದಲಷ್ಟು ಆಚೆ ಹೋದರೆ ಕುದುರೆ ಕುಂಟು. ಬದುಕಿರೋ ಕುದುರೆಯ ಗೊರಸಿನೊಳಗೆ ನಾನು ಯಾವತ್ತೂ ಇಣುಕಿಲ್ಲ, ಮುಟ್ಟಿಲ್ಲ, ತೂಗಿಲ್ಲ. ಸುತ್ತಿಗೆ ಸದ್ದು ಕೇಳ್ತೀನಿ. ಒಂದು ಹಂತದಲ್ಲಿ ಸದ್ದು ಬೇರೆ ಆಗುತ್ತೆ. ಅಲ್ಲಿಗೆ ಕೈ ನಿಲ್ಲಿಸ್ತೀನಿ, ಮುಂದೆ ಜೀವ ಇದೆ ಅಂತ. ಇಷ್ಟು ವರ್ಷದಲ್ಲಿ ಎರಡೇ ಕುದುರೆ ಕುಂಟಿವೆ. ಕಾಣದ್ದು ಇಲ್ಲ ಅಂತ ಬಡಿದಿದ್ರೆ ಜಿಲ್ಲೆಯ ಕುದುರೆಗಳೆಲ್ಲ ಕುಂಟ್ತಿದ್ವು.”

ಇದು ತಾತನ ಪೆಟ್ಟಿಗೆಯಲ್ಲಿ ಇರಲಿಲ್ಲ. ಇಸಾಬೆಕ್ ನೀರಿನ ಲೋಟ ಎತ್ತಿದ. ಅದು ಖಾಲಿಯಿತ್ತು, ಆದರೂ ಕುಡಿದ. ಹಿಂದಿನಿಂದ ಯಾರೋ, “ಹೇಳಪ್ಪಾ ಈಗ,” ಎಂದರು. ಮೊದಲ ಸಾಲಿನಲ್ಲಿ ಬುರುಲ್ಚಾ ಕಂಬಳಿಯಿಂದ ಮುಖ ಹೊರಗೆ ಹಾಕಿ ನೆಟ್ಟಗೆ ಕೂತಳು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಕಿದಿರಾಲಿಗೆ ತಾನು ಗೆಲ್ಲುತ್ತಿದ್ದೇನೆ ಅನ್ನಿಸಿತು, ಮತ್ತು ಅದು ಹಿತವಾಗಿತ್ತು.

ಆಗ ಮಾಮಿರೋವಾ ಒಂದು ಚೀಟಿ ಬರೆದು ಇಸಾಬೆಕನ ಕಡೆ ಸರಿಸಿದಳು. ಊರಿನ ಮಾಹಿತಿ ಅವಳು ಮೊದಲೇ ಓದಿಕೊಂಡು ಬಂದಿದ್ದಳು. ಇಸಾಬೆಕ್ ಚೀಟಿ ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡ. ಬೇರೆ ಊರುಗಳಲ್ಲಿ ಅವನು ಚೀಟಿಯಲ್ಲಿದ್ದ ಬಗೆಯ ಪ್ರಶ್ನೆ ಕೇಳುತ್ತಿದ್ದ. ಕೋಕ್‌ಜಾರ್‌ನಲ್ಲಿ ಮಾತ್ರ ಒಂಬತ್ತು ವರ್ಷವೂ ಬಿಟ್ಟುಬಿಟ್ಟಿದ್ದ.

“ಸರಿ,” ಎಂದ ನೆಲ ನೋಡುತ್ತಾ. “ಒಳಗೆ ಜೀವ ಇದೆ ಅಂತಾನೇ ಇಟ್ಕೊಳ್ಳೋಣ. ಎಲ್ಲ ಬಲ್ಲವನು, ದಯೆ ಇರೋನು ಅಂತ ಇಟ್ಕೊಳ್ಳೋಣ. ಹಂಗಿದ್ರೆ ನಿನ್ನ ಅಣ್ಣಂದಿರು ಮೂವರಲ್ಲಿ ಒಬ್ಬನನ್ನಾದರೂ ಅವನು ಯಾಕೆ ವಾಪಸು ಕಳಿಸಲಿಲ್ಲ?”

ಇದಕ್ಕೂ ಪೆಟ್ಟಿಗೆಯಲ್ಲಿ ಉತ್ತರಗಳಿದ್ದವು. ಪರೀಕ್ಷೆ ಎನ್ನಬಹುದಿತ್ತು, ನಮಗೆ ತಿಳಿಯದ ಹಿತ ಎನ್ನಬಹುದಿತ್ತು. ಬೇರೆ ಊರುಗಳಲ್ಲಿ ಕಿದಿರಾಲಿ ಅವನ್ನೆಲ್ಲ ಸರಾಗವಾಗಿ ಹೇಳಿದ್ದವನೇ. ಈಗ ತಾಯಿಯ ಮುಖ ಎದುರಿಗಿತ್ತು. ಆ ಮುಖಕ್ಕೆ ಅದನ್ನು ಹೇಳುವ ಬದಲು ನಾಲಿಗೆ ಕಚ್ಚಿಕೊಂಡು ಸಾಯಬಹುದು ಅನ್ನಿಸಿತು. ಏಳರ ಎಣಿಕೆ ಎಂದೋ ಮುಗಿದಿತ್ತು. ಅವನು ಟೋಪಿ ತೆಗೆದ.

“ಇಲ್ಲ ಕಾಮ್ರೇಡ್,” ಎಂದ. “ಸೋತೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಕೂತ್ಕೋ ಮಗಾ,” ಎಂದಳು ಬುರುಲ್ಚಾ. ಅವಳ ದನಿ ಕ್ಲಬ್ಬಿನ ಕೊನೆಯವರೆಗೂ ಕೇಳಿಸಿತು. “ಅದು ನಿನ್ನನ್ನ ಕೇಳೋ ಪ್ರಶ್ನೆ ಅಲ್ಲ. ಇಸಾಬೆಕ್, ನಿನ್ನದೂ ಅಲ್ಲ.”

ಮಾಮಿರೋವಾ ಒರಟು ಹೆಂಗಸೇನಲ್ಲ. ಎದ್ದು ಬಂದು ಮುದುಕಿಯ ಮುಂದೆ ಬಗ್ಗಿ ನಿಂತಳು. “ಅಪಾ, ಹದಿನೆಂಟು ವರ್ಷದಿಂದ ನೀವು ನಮಾಜು ಮಾಡಿಲ್ಲವಂತೆ, ನಿಜಾನಾ?”

“ನಿಜ.”

“ಅಂದರೆ ಅವನಿಲ್ಲ ಅಂತ ನೀವು ಕಂಡುಕೊಂಡಿರಿ.”

“ಯಾರಮ್ಮಾ ಹೇಳಿದ್ದು? ಹದಿನೆಂಟು ವರ್ಷದಿಂದ ಮಾತು ಬಿಟ್ಟಿದೀನಿ. ಇಲ್ಲದವನ ಜೊತೆ ಯಾರಾದ್ರೂ ಮಾತು ಬಿಡ್ತಾರಾ?”

ಮಾಮಿರೋವಾ ಇದನ್ನು ಅಲ್ಲೇ ಬರೆದುಕೊಂಡಳು. ಆಮೇಲೆ ಇಸಾಬೆಕ್ ನೋಡಿದ ಅವಳ ವರದಿಯಲ್ಲಿ, ವಯೋವೃದ್ಧ ಮಹಿಳೆಯೊಬ್ಬರು ಹದಿನೆಂಟು ವರ್ಷಗಳ ಹಿಂದೆಯೇ ದೇವರೊಂದಿಗಿನ ಸಂಬಂಧ ಕಡಿದುಕೊಂಡಿರುವುದಾಗಿ ಸಾರ್ವಜನಿಕವಾಗಿ ಘೋಷಿಸಿದರು, ಸಭಿಕರು ಗಾಢ ಮೌನದಿಂದ ಸ್ಪಂದಿಸಿದರು, ಉಪನ್ಯಾಸ ಯಶಸ್ವಿ ಎಂದಿತ್ತು. ಇಸಾಬೆಕನ ಕೆಲಸ ಉಳಿಯಿತು.

ಕಿದಿರಾಲಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮನೆಗೆ ನಡೆದ. ಅವಳು ಒಂದು ಗರಿಯಷ್ಟೂ ಭಾರವಿರಲಿಲ್ಲ; ಅದಕ್ಕೇ ಅವನಿಗೆ ಅಳು ಬಂತು.

“ಇವತ್ತೂ ಸೋತುಬಿಟ್ಟೆ ಅಪಾ.”

“ಕೇಳಿಸ್ತು. ಆ ಗೊರಸಿನ ಮಾತು ಚೆನ್ನಾಗಿತ್ತು.”

ಮನೆಯಲ್ಲಿ ಇಳಿಸಿದ ಮೇಲೆ ಅವಳು ಕೈಕಾಲು ತೊಳೆಯಲು ಬಿಸಿನೀರು ಕೇಳಿದಳು. ಸೊಸೆ ತಂದಳು. ಮುಖ, ಮೊಣಕೈ, ಪಾದ ಕ್ರಮವಾಗಿ ತೊಳೆದುಕೊಂಡು, ತನ್ನನ್ನು ಕಾಬಾ ದಿಕ್ಕಿಗೆ ತಿರುಗಿಸಿ ಕೂರಿಸು ಎಂದಳು.

“ಇನ್ನೂರು ಜನರೆದುರು ನಾನೇ ಅವನ ವಿಷಯ ಎತ್ತಿದೆ. ಇನ್ನೂ ಬಾಯಿ ಬಿಗಿದು ಕೂತರೆ ಚೆನ್ನಾಗಿರಲ್ಲ. ಹೇಳಿಕೊಡು, ಬಿಸ್ಮಿಲ್ಲಾ ಆದ್ಮೇಲೆ ಏನು? ನನಗೆ ಮರೆತು ಹೋಗಿದೆ.”

ಕಿದಿರಾಲಿ ಬಾಯಿ ತೆರೆದ. ದೇವರಿದ್ದಾನೆ ಎಂಬುದಕ್ಕೆ ಅವನಿಗೆ ಹನ್ನೊಂದು ಕಾರಣ ಬಾಯಿಪಾಠವಿದ್ದವು. ಪ್ರಾರ್ಥನೆ ಒಂದು ಸಾಲೂ ಬರುತ್ತಿರಲಿಲ್ಲ. ಹೆಂಡತಿಯ ಕಡೆ ನೋಡಿದ, ಅವಳಿಗೂ ಬರುತ್ತಿರಲಿಲ್ಲ. ಒಂಬತ್ತು ವರ್ಷ ಸೋತು ಸೋತು ಆಗದಿದ್ದ ನಾಚಿಕೆ ಅವನಿಗೆ ಆಗ ಆಯಿತು.

ಇಸಾಬೆಕ್ ಅಷ್ಟರಲ್ಲಿ ಹೊಸ್ತಿಲಲ್ಲಿ ಬಂದು ನಿಂತಿದ್ದ. ಟೋಪಿ ಕೈಯಲ್ಲಿತ್ತು. “ಬುರುಲ್ಚಾ ಅಪಾ, ನಾನು ಆ ಮಾತು ಕೇಳಬಾರದಿತ್ತು. ತಪ್ಪಾಯ್ತು.”

“ತಪ್ಪು ಆಮೇಲೆ ನೋಡೋಣ. ನಿಮ್ಮ ತಾತ ಮದರಸದಲ್ಲಿ ಹೇಳಿಕೊಡ್ತಿದ್ರಲ್ಲ, ನಿನಗೆ ಬರಬೇಕು. ಬಾ ಕೂತ್ಕೋ.”

ಇಸಾಬೆಕ್ ಹಿಂತಿರುಗಿ ಬೀದಿ ನೋಡಿದ. ಮಾಮಿರೋವಾಳ ಜೀಪು ಹೋಗಿಯಾಗಿತ್ತು. ಬೂಟು ಬಿಚ್ಚಿ ಒಳಗೆ ಬಂದು, ಮುದುಕಿಯ ಪಕ್ಕ ಮಂಡಿಯೂರಿ ಕೂತು, ತಗ್ಗಿದ ದನಿಯಲ್ಲಿ ಒಂದೊಂದೇ ಪದ ಹೇಳಿಕೊಟ್ಟ. ಅವಳು ಹಿಂದೆಯೇ ಹೇಳಿದಳು. ತಪ್ಪಿದ ಕಡೆ ಅವನು ತಿದ್ದಿದ. ಉಚ್ಚಾರದಲ್ಲಿ ಅವನು ಬಹಳ ಕಟ್ಟುನಿಟ್ಟು. ಕಿದಿರಾಲಿ ಗೋಡೆಗೊರಗಿ ನಿಂತು, ಯಾರಿಗೂ ಕೇಳಿಸದಂತೆ ತುಟಿ ಅಲ್ಲಾಡಿಸಿದ.

ಮುಗಿದ ಮೇಲೆ ಬುರುಲ್ಚಾ ಅಂಗೈಗಳಿಂದ ಮುಖ ಸವರಿಕೊಂಡಳು. “ಇನ್ನು ನೀವೆಲ್ಲ ಹೊರಗೆ ಹೋಗಿ. ನಾನು ಅವನನ್ನ ಕೇಳೋದು ಬಹಳ ಇದೆ.”

ಮೂವರೂ ಅಂಗಳದಲ್ಲಿ ಹಿಮದ ಮೇಲೆ ನಿಂತರು. ಒಳಗೆ ಅವಳ ದನಿ ಮೊದಮೊದಲು ಸಣ್ಣಗಿತ್ತು, ಆಮೇಲೆ ಏರಿತು. ದೊಡ್ಡ ಮಗನಿಂದ ಶುರು ಮಾಡಿದ್ದಳು.