ಇಬ್ಬರಿಗೆ ಒಂದೇ ಪಾಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಬೆರಗು ತಡವಾಗಿ ಬರುತ್ತದೆ, ಆದರೆ ಬಂದದ್ದು ವಾರಗಟ್ಟಲೆ ಬಿಟ್ಟು ಹೋಗುವುದಿಲ್ಲ. ಕಾಲುವೆಯ ಗೇಟು ನೋಡಿಕೊಳ್ಳುವ ಒಬ್ಬ ಹಿರಿಯರನ್ನು ನಾನು ನಾಲ್ಕು ದಿನ ಸುಳ್ಳುಗಾರ ಎಂದು ನಂಬಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಆದರೂ ಇದನ್ನು ಬೆರಗಿನಿಂದಲೇ ಶುರು ಮಾಡಬೇಕು, ಯಾಕೆಂದರೆ ತಪ್ಪು ಹುಟ್ಟಿದ್ದೂ ಅಲ್ಲೇ.

ನಾನು ಸಿಂದಗಿಯವಳು. ಇಂಡಿ ಊರಿನ ಗೆಳತಿಯೊಬ್ಬಳ ಜೊತೆ ಸೇರಿ ಬಸವನ ಬಾಗೇವಾಡಿಯಲ್ಲಿ, ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ, ಸಣ್ಣಪುಟ್ಟ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬರೆದುಕೊಡುತ್ತೇನೆ. ಕಾಲೇಜಿನಲ್ಲಿ ನಾನು ಕಲಿತ ರೀತಿಯಲ್ಲಿ, ಪ್ರೋಗ್ರಾಮಿನ ಒಂದು ಭಾಗಕ್ಕೆ ಇನ್ನೊಂದು ಬೇಕೆಂದರೆ ಅದನ್ನು ನಾವೇ ಹುಟ್ಟಿಸಬೇಕು, ಅದಕ್ಕೆ ಬೇಕಾದ್ದನ್ನೂ ನಾವೇ ಹೊಂದಿಸಬೇಕು. ಗೆಳತಿ ಒಂದು ದಿನ ಹೊಸ ದಾರಿ ತೋರಿಸಿದಳು. ಬೇಕಾದ ಕಡೆ ಒಂದು ಅನೋಟೇಷನ್ ಬರೆದರೆ ಸಾಕು. ಅದೊಂದು ಚೀಟಿ ಅಂಟಿಸಿದ ಹಾಗೆ: ಇಲ್ಲಿ ಇಂಥದ್ದು ಬೇಕು. ಪ್ರೋಗ್ರಾಮು ಎದ್ದು ನಿಲ್ಲುವಷ್ಟರಲ್ಲಿ ಫ್ರೇಮ್‌ವರ್ಕ್ ಎಂಬ ಕಾಣದ ವ್ಯವಸ್ಥೆಯೊಂದು ಚೀಟಿಗಳನ್ನೆಲ್ಲ ಓದಿ, ಎಲ್ಲೆಲ್ಲಿ ಏನೇನು ಬೇಕೋ ಅದನ್ನು ತಂದು ಇಟ್ಟಿರುತ್ತದೆ. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ.

ಅವತ್ತು ನಾನು ಅರವತ್ತು ಸಾಲು ಅಳಿಸಿ ಎರಡು ಚೀಟಿ ಅಂಟಿಸಿದೆ. ಪ್ರೋಗ್ರಾಮು ನಡೆಯಿತು. ಮೈ ಜುಮ್ಮೆಂದಿತು. ಮದುವೆಮನೆಯ ಪಂಕ್ತಿಯಲ್ಲಿ ಕೂತವರ ಮುಂದೆ ಎಲೆ, ರೊಟ್ಟಿ, ಪಲ್ಯ ತಾವಾಗಿಯೇ ಬಂದ ಹಾಗಿತ್ತು. ಒಲೆಯ ಮುಂದೆ ಯಾರಿದ್ದಾರೆ ಎಂದು ಎದ್ದು ಹೋಗಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಕಿರಿಕಿರಿಗಳು ಇರಲಿಲ್ಲ ಎಂದಲ್ಲ. ನಮ್ಮ ಒಂದು ಪ್ರೋಗ್ರಾಮಿನಲ್ಲಿ ಫೋನ್ ಮಾಡುವ ಭಾಗಗಳು ಎರಡಿದ್ದವು, ಒಂದು ಪ್ರಯೋಗಕ್ಕೆ, ಇನ್ನೊಂದು ನಿಜಕ್ಕೆ. ಯಾವುದನ್ನು ಕೊಡಲಿ ಎಂದು ತಿಳಿಯದೆ ಫ್ರೇಮ್‌ವರ್ಕ್ ಮುಷ್ಕರ ಹೂಡಿತು. ಒಮ್ಮೆ ಹಳೆಯ ಚಾಳಿಯಲ್ಲಿ ಒಂದು ಭಾಗವನ್ನು ಕೈಯಾರೆ ಹುಟ್ಟಿಸಿದೆ, ಅದರ ಮೇಲಿನ ಚೀಟಿಯನ್ನು ಯಾರೂ ಓದಲಿಲ್ಲ, ಅದು ಬರಿಗೈಯಲ್ಲಿ ನಿಂತು ನಡುದಾರಿಯಲ್ಲಿ ಬಿತ್ತು. ಚೀಟಿ ಅಂಟಿಸುವುದು ಸುಲಭವಾದ್ದರಿಂದ ಅಂಟಿಸುತ್ತಲೇ ಹೋದೆವು. ಒಂದೇ ಭಾಗಕ್ಕೆ ಹದಿಮೂರು ಚೀಟಿಗಳಾಗಿದ್ದವು, ಅದು ಯಾರ್ಯಾರನ್ನು ನಂಬಿಕೊಂಡಿದೆ ಎಂಬುದು ಬರೆದ ನಮಗೇ ಮರೆತುಹೋಗಿತ್ತು. ಗೆಳತಿ ಗೊಣಗಿದಾಗ ನಡೆಯುತ್ತದಲ್ಲ, ಸುಮ್ಮನಿರು ಎಂದು ನಾನೇ ಗದರಿಸಿದ್ದೆ.

ನಿಡಗುಂದಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಉಪಕಾಲುವೆಯಿದೆ. ಅದರ ನೀರು ಊರೂರಿಗೆ ಪಾಳಿಯ ಪ್ರಕಾರ ಹೋಗುತ್ತದೆ. ಅಲ್ಲಿನ ರೈತರ ಸಂಘ ಪಾಳಿಯನ್ನು ತಿಳಿಸುವ ಪ್ರೋಗ್ರಾಮು ಬೇಕೆಂದಿತು, ನಾವು ಬರೆದುಕೊಟ್ಟೆವು. ಸಂಘದ ಕಾರ್ಯದರ್ಶಿ ಯಾರ ಪಾಳಿ ಎಂದು ಒತ್ತಿದರೆ ಗೇಟಿನವರಿಗೆ ಫೋನ್ ಹೋಗಿ, ಇಂಥ ಊರಿನ ಗೇಟು ತೆರೆಯಿರಿ ಎಂದು ದನಿ ಹೇಳುತ್ತದೆ. ಗೇಟಿನವರಿಗೆ ಅರವತ್ತರ ಹತ್ತಿರ ವಯಸ್ಸು, ಓದು ಅಷ್ಟಕ್ಕಷ್ಟೆ. ಅದಕ್ಕೇ ಬರೆದ ಸಂದೇಶದ ಬದಲು ದನಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಶೇಂಗಾ ಹೂವಾಗುವ ಹೊತ್ತಿನಲ್ಲಿ ಒಂದು ಪಾಳಿ ತಪ್ಪಿತು. ನೀರು ಹೋಗಬೇಕಾದ್ದು ಕಾಲುವೆಯ ಕೊನೆಯ ಊರಿಗೆ, ಹೋದದ್ದು ಮೇಲಿನ ಊರಿಗೆ. ಅದೂ ಎರಡು ದಿನ. ಮೇಲಿನ ಊರು ಕಾಕಾನ ಹೆಂಡತಿಯ ತವರು, ಆಕೆಯ ತಮ್ಮನ ಹೊಲ ಆ ಊರಿನ ಗೇಟಿನ ಬುಡದಲ್ಲೇ ಇದೆ. ಇನ್ನು ಜನ ಏನು ಅಂದುಕೊಂಡಾರು ಎಂದು ಬೇರೆ ಹೇಳಬೇಕಾಗಿಲ್ಲ. ಫೋನಿನಲ್ಲಿ ಮೇಲಿನ ಊರೆಂದೇ ಬಂತು ಎಂದು ಕಾಕಾ ಹೇಳಿದರು. ನಮ್ಮ ಪ್ರೋಗ್ರಾಮಿನ ದಾಖಲೆಯಲ್ಲಿ ಕೊನೆಯ ಊರೆಂದೇ ಇತ್ತು. ದನಿ ಗಾಳಿಗೆ ಹೋಗಿತ್ತು, ದಾಖಲೆ ಉಳಿದಿತ್ತು. ಸೋಮವಾರದ ಸಭೆಯಲ್ಲಿ ಅವರನ್ನು ತೆಗೆಯುವುದೆಂದು ಮಾತಾಯಿತು. ಇಪ್ಪತ್ತೆರಡು ವರ್ಷ ಅವೇ ಗೇಟುಗಳನ್ನು ಎತ್ತಿ ಇಳಿಸಿದ ಮನುಷ್ಯ ನೀರುಗಳ್ಳ ಎಂಬ ಹೆಸರು ಹೊತ್ತು ಮನೆಗೆ ಹೋಗಬೇಕಿತ್ತು.

ನಾನು ದಾಖಲೆಯ ಪರ ನಿಂತೆ. ಕಾರ್ಯದರ್ಶಿಗಳು ಕೇಳಿದಾಗ, ಕಂಪ್ಯೂಟರಿಗೆ ನೆಂಟರಿಲ್ಲ ಎಂದು ಫೋನಿನಲ್ಲೇ ಜಂಬದಿಂದ ಹೇಳಿದೆ. ಕಾಕಾ ನನ್ನ ಗೆಳತಿಗೂ ಫೋನ್ ಮಾಡಿ ಏನೋ ಹೇಳಿದ್ದರಂತೆ: ಸಂಘದ ಅಧ್ಯಕ್ಷರ ಫೋನಿನಿಂದ ಊರಿನ ಹೆಸರು ತಮ್ಮ ಫೋನಿಗೆ ದಾಟಿ ಬಂತು ಎಂದು. ಆಕೆ ಅದನ್ನು ನನಗೆ ಹೇಳಿದಾಗ ನಾನು ನಕ್ಕುಬಿಟ್ಟೆ. ಫೋನಿನಿಂದ ಫೋನಿಗೆ ಹೆಸರು ಹಾರಲು ಅದೇನು ನೊಣವೇ ಎಂದಿದ್ದೆ. ಗೆಳತಿ ನಗಲಿಲ್ಲ. ಒಮ್ಮೆ ಹೋಗಿ ಆ ಮನುಷ್ಯನ ಮುಖ ನೋಡಿ ಬಾ ಎಂದು ಭಾನುವಾರ ಬೆಳಿಗ್ಗೆ ನನ್ನನ್ನು ನಿಡಗುಂದಿಯ ಬಸ್ಸಿಗೆ ಹತ್ತಿಸಿದಳು.

ಕಾಕಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಬೇರೆ ದಿನಗಳಲ್ಲಿ ಅಲ್ಲಿ ನಾಲ್ಕೈದು ರೈತರು ಎಲೆ-ಅಡಿಕೆ ಹಾಕಿಕೊಳ್ಳುತ್ತ ಕೂತಿರುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಹೆಗಲ ಮೇಲಿನ ಟವೆಲ್ಲಿನಿಂದ ಕಟ್ಟೆ ಒರೆಸಿ ಕೂರಿಸಿದರು. ಸಿಟ್ಟು ಮಾಡುತ್ತಾರೆಂದು ಕಾದೆ, ಮಾಡಲಿಲ್ಲ. ಅವತ್ತು ಏನಾಯಿತು ಹೇಳಿ ಎಂದೆ. ಅವರು ಹಿಂದಿನ ಮೂರು ಸುತ್ತಿನ ಪಾಳಿಯಿಂದ ಶುರು ಮಾಡಿದರು. ಹದಿನೇಳು ಗೇಟುಗಳು, ಯಾವುದು ಯಾವ ದಿನ ಎಷ್ಟು ಹೊತ್ತಿಗೆ ತೆರೆಯಿತು, ಎಷ್ಟು ಗೇಣು ಎತ್ತಿದ್ದು, ಯಾರ ಒಡ್ಡು ಒಡೆದು ನೀರು ಹಳ್ಳಕ್ಕೆ ಹೋಯಿತು, ಎಲ್ಲವನ್ನೂ ನೀರು ನೋಡುತ್ತಲೇ ಹೇಳಿದರು. ನಾನು ಸುಮ್ಮನೆ ನನ್ನ ಫೋನಿನಲ್ಲಿದ್ದ ದಾಖಲೆ ತೆರೆದು ಅದರಲ್ಲಿದ್ದ ಊರು, ದಿನ, ಹೊತ್ತುಗಳನ್ನು ಒಂದೊಂದಾಗಿ ಹೋಲಿಸಿದೆ. ಒಂದೂ ತಪ್ಪಿರಲಿಲ್ಲ. ಇಂಥ ತಲೆಗೆ ನಾವು ಫೋನ್ ಮಾಡಿ ಪಾಳಿ ಹೇಳುತ್ತಿದ್ದೆವಲ್ಲ ಎಂದು ದಂಗಾಗಿ ಕೂತೆ.

ಆಮೇಲೆ ಆ ದಿನದ ಮಾತು ಬಂತು.

"ಅಧ್ಯಕ್ಷರು ಇಲ್ಲೇ, ನನ್ನ ಬಾಜೂಕ ಕುಂತಿದ್ರು ರೀ ಅಕ್ಕಾರ. ಹೊಸಾದಾಗಿ ಅವರ ಫೋನಿನ್ಯಾಗೂ ಪಾಳಿ ಕಾಣಂಗ ಮಾಡಿ ಕೊಟ್ಟೀರೆಲ್ಲ, ಅದರಾಗ ಮ್ಯಾಲಿನ ಊರು ತಗದು ನೋಡಾಕತ್ತಿದ್ರು. ಅವರು ಅದನ್ನ ಒತ್ತೂದಕ್ಕೂ ನನಗ ಫೋನ್ ಬರೂದಕ್ಕೂ ಒಂದ ಆತು. ಅವರು ನೋಡಾಕತ್ತಿದ್ದ ಊರು ನನ್ನ ಕಿವ್ಯಾಗ ಬಂತು."

ಇದನ್ನು ಕೇಳಿದ ಕೂಡಲೇ ಚೀಲಕ್ಕೆ ಕೈ ಹಾಕಿದೆ. ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಪಾಳಿಯ ಕೆಲಸ ಮಾಡುವ ಭಾಗದೊಳಗೆ 'ಈಗಿನ ಊರು' ಎಂದು ನೆನಪಿಟ್ಟುಕೊಳ್ಳಲು ನಾನೊಂದು ಜಾಗ ಮಾಡಿದ್ದೆ, ಸಾಲಿ ಮಕ್ಕಳ ಪಾಟಿಯ ಹಾಗೆ, ಬರೆದು ಅಳಿಸಲು. ಕೇಳಿದವರಿಗೆಲ್ಲ ಫ್ರೇಮ್‌ವರ್ಕ್ ಬೇರೆ ಬೇರೆ ಪಾಟಿ ಕೊಡುತ್ತದೆಂದು ತಿಳಿದಿದ್ದೆ. ಅದು ಹಾಗೆ ಮಾಡುವುದಿಲ್ಲ. ಬೇರೆ ಹೇಳದಿದ್ದರೆ ಒಂದನ್ನೇ ಹುಟ್ಟಿಸಿ, ಅದನ್ನೇ ಎಲ್ಲರ ಕೈಗೂ ಕೊಡುತ್ತದೆ. ಕಾರ್ಯದರ್ಶಿ ನಿಡಗುಂದಿಯಲ್ಲಿ ಕೂತು ಕೊನೆಯ ಊರೆಂದು ಬರೆದರು, ದಾಖಲೆ ಆ ಕ್ಷಣವೇ ಅದನ್ನು ಇಳಿಸಿಕೊಂಡಿತು. ಫೋನಿನ ದನಿ ಪಾಟಿಯನ್ನು ಓದುವಷ್ಟರಲ್ಲಿ ಅಧ್ಯಕ್ಷರ ಬೆರಳು ಅದೇ ಪಾಟಿಯ ಮೇಲೆ ಮೇಲಿನ ಊರೆಂದು ಬರೆದಿತ್ತು. ದಾಖಲೆಯೂ ನಿಜ, ಕಾಕಾನೂ ನಿಜ. ನಾನೊಬ್ಬಳೇ ಸುಳ್ಳಾಗಿದ್ದೆ. ಅಧ್ಯಕ್ಷರ ಫೋನಿಗೆ ಅದನ್ನು ಹಾಕಿಕೊಡುವವರೆಗೆ ಕಾರ್ಯದರ್ಶಿ ಒಬ್ಬರೇ ಒತ್ತುತ್ತಿದ್ದರು, ಹಾಗಾಗಿ ತಪ್ಪು ಅಡಗಿ ಕೂತಿತ್ತು. ನಾವು ಪರೀಕ್ಷೆ ಮಾಡಿದ್ದೂ ಒಬ್ಬೊಬ್ಬರಾಗಿಯೇ. ಆ ಪಾಟಿಯನ್ನು ಯಾರು ಹುಟ್ಟಿಸಿದರು, ಯಾರ್ಯಾರಿಗೆ ಕೊಟ್ಟರು ಎಂದು ನನ್ನ ಬರವಣಿಗೆಯ ಒಂದು ಸಾಲೂ ಹೇಳುತ್ತಿರಲಿಲ್ಲ. ಚೀಟಿಯೊಂದೇ ಕಾಣುತ್ತಿತ್ತು.

ಕಾಲುವೆಯ ದಡದಲ್ಲಿ ಕೂತ ಒಬ್ಬ ಮನುಷ್ಯ, ಒಂದಕ್ಷರ ಪ್ರೋಗ್ರಾಮಿಂಗ್ ಅರಿಯದವರು, ಇದನ್ನು ಮೊದಲ ದಿನವೇ ಹೇಳಿದ್ದರು. ನಾನು ನೊಣದ ಮಾತಾಡಿದ್ದೆ. ನಾಚಿಕೆಗಿಂತ ಆ ಹೊತ್ತು ನನ್ನನ್ನು ಹಿಡಿದದ್ದು ಬೆರಗೇ. ಅವರ ಕಿವಿ, ಕಣ್ಣು, ನೆನಪು ಎಷ್ಟು ಚೊಕ್ಕವಾಗಿದ್ದವೆಂದರೆ ನನ್ನ ಪ್ರೋಗ್ರಾಮಿನ ಹೊಟ್ಟೆಯೊಳಗಿನದು ಅವರಿಗೆ ಹೊರಗಿನಿಂದಲೇ ಕಂಡಿತ್ತು.

ಒಂದು ಮಾತ್ರ ತಿಳಿಯಲಿಲ್ಲ. ಪಾಳಿ ಯಾರದೆಂದು ನಿಮಗೆ ಗೊತ್ತೇ ಇತ್ತಲ್ಲ, ಮತ್ತೆ ಯಾಕೆ ತೆರೆದಿರಿ ಎಂದು ಕೇಳಿದೆ. ಅವರು ಹೇಳಿದ್ದಿಷ್ಟು: ಮೊದಲೆಲ್ಲ ಗೇಟಿನ ಚಕ್ರ ಹಿಡಿಯುವ ಮುಂಚೆ ಅವರು ಯಾರ ಪಾಳಿ ಎಂದು ಜೋರಾಗಿ ಕೇಳುತ್ತಿದ್ದರಂತೆ. ಗೊತ್ತಿದ್ದರೂ ಕೇಳುವುದು. ಪಾಳಿಯ ಊರಿನ ಒಬ್ಬರಾದರೂ ದಡದಲ್ಲಿ ನಿಂತು ನಮ್ಮದು ಎಂದಮೇಲೆಯೇ ಚಕ್ರ ತಿರುಗುವುದು. ಅವರ ತಂದೆಯೂ ಬೇರೊಂದು ಕೆರೆಯ ತೂಬಿನ ಮುಂದೆ ಹಾಗೇ ಮಾಡುತ್ತಿದ್ದರಂತೆ. ಪ್ರೋಗ್ರಾಮು ಬಂದಮೇಲೆ ದಡಕ್ಕೆ ಯಾರೂ ಬರುವುದು ಬೇಕಿಲ್ಲ ಎಂದಾಯಿತು. ಹಾಗೆಂದು ಮಾಡಿದವಳು ನಾನೇ.

"'ಕಾಕಾ, ಇನ್ನ ನೀವು ಯಾರನ್ನೂ ಏನೂ ಕೇಳೂದು ಬ್ಯಾಡ್ರಿ, ಬೇಕಾದದ್ದು ತಾನ ಬರತೈತಿ, ಬಂದಂಗ ಮಾಡ್ರಿ' ಅಂತ ನೀವ ಹೇಳಿದ್ರೆಲ್ಲ," ಎಂದರು ಅವರು. "ಅದಕ್ಕ ಕೇಳಲಿಲ್ಲರಿ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾಳೆ ಸಭೆಯಲ್ಲಿ ಎಲ್ಲರ ಮುಂದೆ ನನ್ನ ತಪ್ಪೆಂದು ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿ, ಸಭೆಯಲ್ಲಿ ಹೇಳಿದ ಮೇಲೆ ತಮ್ಮ ಮನೆಗೂ ಒಂದು ಸಲ ಬಂದು ಹೇಳಬೇಕೆಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ನಾಲ್ಕು ದಿನದಿಂದ ಅವರು ಬುತ್ತಿ ಕಟ್ಟಿಸಿಕೊಂಡು ಬಂದು ಮೂರು ಹೊತ್ತೂ ಈ ಕಟ್ಟೆಯ ಮೇಲೆಯೇ ಊಟ ಮಾಡುತ್ತಿದ್ದರು.

ಸೋಮವಾರ ಹೇಳಿದೆ. ಪಾಟಿಯ ಹೋಲಿಕೆ ಕೊಟ್ಟೇ ಹೇಳಿದೆ, ಎಲ್ಲರಿಗೂ ತಿಳಿಯಿತು. ಅಧ್ಯಕ್ಷರು ತಮ್ಮ ಫೋನನ್ನು ಒಮ್ಮೆ ನೋಡಿ ಕಿಸೆಗೆ ಹಾಕಿಕೊಂಡರು. ಕೊನೆಯ ಊರಿನವರು ನನ್ನನ್ನು ಚೆನ್ನಾಗಿಯೇ ಬೈದರು, ಬೈಸಿಕೊಂಡೆ. ಅವರ ಶೇಂಗಾ ಬಾಡಿದ್ದು ನನ್ನ ಕ್ಷಮೆಯಿಂದ ಚಿಗುರುವಂಥದ್ದಲ್ಲ. ಮೇಲಿನ ಊರಿನವರು ತಮ್ಮ ಮುಂದಿನ ಪಾಳಿಯನ್ನು ಬಿಟ್ಟುಕೊಟ್ಟರು. ಕಾಕಾನನ್ನು ತೆಗೆಯುವ ಮಾತು ಅಲ್ಲಿಗೆ ನಿಂತಿತು. ಅನುಮಾನ ಬಂದಾಗ ತಿರುಗಿ ಕೇಳಲು ಒಂದು ದಾರಿ ಬೇಕೆಂದು ಕಾಕಾ ಅಂದರು. ಆ ವಾರ ನಾನೂ ಗೆಳತಿಯೂ ಕೂತು, ಅದನ್ನೂ ಸೇರಿಸಿ ಎಲ್ಲವನ್ನೂ ಬಿಚ್ಚಿ ಬರೆದೆವು. ಪ್ರತಿ ಭಾಗವೂ ತನಗೆ ಬೇಕಾದ್ದನ್ನು ಹುಟ್ಟುವಾಗಲೇ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೇಳಬೇಕು, ಸಿಗದಿದ್ದರೆ ಹುಟ್ಟಲೇಬಾರದು, ಒಬ್ಬರ ಪಾಟಿ ಇನ್ನೊಬ್ಬರಿಗೆ ಸಿಗಬಾರದು. ಸಾಲುಗಳು ಹೆಚ್ಚಾದವು. ಗೆಳತಿ ಹಾಡುತ್ತ ಬರೆದಳು.

ಆ ಸೋಮವಾರವೇ, ಸಭೆ ಮುಗಿದ ಮೇಲೆ ಕಾಕಾನ ಮನೆಗೆ ಹೋಗಿದ್ದೆ. ಅವರ ಹೆಂಡತಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಎದುರು ಕೂತು ಎಲ್ಲವನ್ನೂ ಹೇಳಿದೆ, ತಪ್ಪು ನನ್ನದು, ಇವರದು ಒಂದಿಷ್ಟೂ ಇಲ್ಲ ಎಂದೆ. ಆಕೆ ಮೊರವನ್ನು ಕೆಳಗಿಟ್ಟರು.

"ಊರಾಗ ಎಲ್ಲಾರೂ ಅಂದ್ರು, ಅದು ಬ್ಯಾರೆ ತಂಗಿ," ಎಂದರು. "ನಮ್ಮ ತಮ್ಮನ ಸಲುವಾಗಿ ಗೇಟು ತಗದ್ರೇನು ಅಂತ ನಾನೂ ಕೇಳಿಬಿಟ್ಟೆ."

ಕಾಕಾ ಹೊಸ್ತಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದವರು ಒಳಗೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತರು.

"ನೀ ಕೇಳಿದ್ದ ಚಲೋ ಆತು," ಎಂದರು. "ನಾನು ಅವತ್ತ ಒಂದ ಮಾತು ಕೇಳಿದ್ರ ಅವರ ಶೇಂಗಾ ಉಳೀತಿತ್ತು. ತಪ್ಪು ನಂದ ಐತಿ."

ಇಷ್ಟು ಹೊತ್ತು ನಾನು ನನ್ನದೆಂದು ಸಾರುತ್ತಿದ್ದ ತಪ್ಪನ್ನು ಅವರು ಹೆಂಡತಿಯ ಮುಂದೆ ತಮ್ಮ ಹೆಗಲಿಗೆ ಹಾಕಿಕೊಂಡರು. ಆಕೆ ಎದ್ದು ಒಳಗೆ ಹೋಗಿ ನನಗೂ ಸೇರಿಸಿ ಮೂರು ಊಟದ ತಾಟು ತಂದಿಟ್ಟರು.