ಸೈಕಲ್ಲಿಗೂ ಒಂದು ಅಭ್ಯಂಜನ

ನಮ್ಮ ಬಚ್ಚಲ ಗೂಡಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಖಾಲಿಯಾಗಿ ನಿಂತದ್ದನ್ನು ನಾನು ಕಂಡಿಲ್ಲ. ಮಗುವಿನ ನೆತ್ತಿಗೆ, ಮುದುಕರ ಮಂಡಿಗೆ, ಕಿರುಗುಟ್ಟುವ ಬಾಗಿಲಿಗೆ, ತೆಂಗಿನ ಸೀಮೆಯವರಾದ ನಮಗೆ ಎಲ್ಲಕ್ಕೂ ಅದೊಂದೇ ಮದ್ದು. ಎಣ್ಣೆಯಲ್ಲಿ ಜಿಪುಣತನ ಮಾಡುವವನಿಗೆ ಅಜ್ಜಂಪುರದ ಕಡೆ ಹೆಣ್ಣು ಕೊಡುವುದೂ ಅನುಮಾನವೇ. ಹೀಗಿರುವಾಗ, ಸ್ನೇಹಿತರೇ, ಸೈಕಲ್ ಚೈನಿನ ಕೀಲಿಗೆ ಒಂದು ಹನಿ ಸಾಕೆಂಬ ಶಾಸ್ತ್ರ ನನ್ನ ತಲೆಗೆ ಹತ್ತುವುದಾದರೂ ಹೇಗೆ?

ಈ ಶಾಸ್ತ್ರದ ಗೊಡವೆಗೆ ಬಿದ್ದದ್ದು ಹೆಂಡತಿ ಸರೋಜಳ ದೆಸೆಯಿಂದ. ಹಿಂದೊಮ್ಮೆ ಸಂತೆಯ ನಡುವೆ ಚೈನು ಕಳಚಿ ಅವಳ ಸೀರೆಯ ಅಂಚನ್ನು ನುಂಗಿತ್ತು. ಈರುಳ್ಳಿಯವನಿಂದ ಕುಡುಗೋಲು ಇಸಿದುಕೊಂಡು, ನೆರೆದವರ ನಗುವಿನ ಮಧ್ಯೆ ನಾನೇ ಆ ಅಂಚನ್ನು ಕತ್ತರಿಸಿದ್ದೆ. ಅಂದಿನಿಂದ ಅವಳು ಕ್ಯಾರಿಯರ್ ಹತ್ತಿರಲಿಲ್ಲ. ಬೆನ್ನ ಹಿಂದೆ ಅವಳ ಮಾತಿಲ್ಲದ ಸವಾರಿ ನನಗೆ ಉಪ್ಪಿಲ್ಲದ ಸಾರಾಗಿತ್ತು. ಬೀರೂರಿನಲ್ಲಿ ಅವಳ ತಂಗಿಯ ಮಗುವಿಗೆ ನಾಮಕರಣವೆಂದಾಗ, ಶಿವನಿ ಸ್ಟೇಷನ್ನಿನವರೆಗೆ ಸೈಕಲ್ಲಿನಲ್ಲೇ ಹೋಗೋಣವೆಂದು ಗೋಗರೆದೆ.

"ಸರಿ ಮಾಡಿ, ಕೂರ್ತೀನಿ. ಇನ್ನೊಂದ್ಸಲ ಏನಾದ್ರೂ ಆಯ್ತೋ, ಈ ಜನ್ಮಕ್ಕೆ ಹತ್ತಲ್ಲ ಕಣ್ರೀ" ಎಂದಳು.

ಮರ್ಯಾದೆಯ ಪ್ರಶ್ನೆ. ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ಕೊಳೆ ತೆಗೆದೆ. ಹಿಂದಿನ ಚಕ್ರವನ್ನು ಚೂರು ಹಿಂದಕ್ಕೆಳೆದು ಚೈನು ಬಿಗಿ ಮಾಡಿದೆ. ಕೀಲುಗಳಿಗೆ ಮೆಷಿನ್ ಆಯಿಲ್ ಹನಿಸಿ, ಪೆಡಲು ತಿರುಗಿಸಿ, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿದೆ. ಹೊರಗಿನ ಎಣ್ಣೆ ಧೂಳಿಗೆ ಕೊಡುವ ಆಹ್ವಾನ ತಾನೆ? ಅಲ್ಲಿಗೆ ಏಳಬೇಕಿತ್ತು. ಆದರೆ ಅಭ್ಯಂಜನವೆಂದರೆ ಅಡಿಯಿಂದ ಮುಡಿಯವರೆಗೆ ಎಂದು ನಂಬಿ ಬೆಳೆದ ಕೈ ಸುಮ್ಮನಿರುತ್ತದೆಯೇ? ಬಚ್ಚಲ ಬಾಟಲಿ ತಂದು ಹ್ಯಾಂಡಲ್ಲಿಗೆ, ಮಡ್‌ಗಾರ್ಡಿಗೆ, ತುಕ್ಕು ಹಿಡಿದ ರಿಮ್ಮುಗಳಿಗೆ ಧಾರಾಳವಾಗಿ ತಿಕ್ಕಿದೆ. ಸೈಕಲ್ಲು ಮದುಮಗನ ಹಾಗೆ ಮಿಂಚಿತು.

ಮರುದಿನ ಸರೋಜ ಹೊಸ ಚಪ್ಪಲಿ ಮೆಟ್ಟಿ ಹಿಂದೆ ಕೂತಳು. ಕಿರ್ರೆನ್ನದ ಚೈನು, ಬೆನ್ನ ಹಿಂದೆ ಅವಳ ತಂಗಿಯ ಮನೆಯ ಸಮಾಚಾರ. ನನ್ನ ಸುಖಕ್ಕೆ ಪಾರವಿರಲಿಲ್ಲ. ಸ್ಟೇಷನ್ನಿನ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ರಬ್ಬರು ರಿಮ್ಮಿನ ಮೇಲೆ ನುಣ್ಣಗೆ ಜಾರಿತು.

"ರೀ, ಬ್ರೇಕ್ ಹಿಡೀರೀ!"

"ಹಿಡ್ದಿದೀನಿ ಕಣೇ, ಅದು ಹಿಡೀತಿಲ್ಲ!"

ಸರೋಜ ಎರಡೂ ಕಾಲನ್ನು ನೆಲಕ್ಕೆ ಊರಿದಳು. ಹೊಸ ಚಪ್ಪಲಿ ಬರ್ರನೆ ತೇಯುತ್ತ, ಸೈಕಲ್ಲು ಟೀ ಅಂಗಡಿಯ ಬೆಂಚಿಗೆ ಮುಟ್ಟಿಯೂ ಮುಟ್ಟದಂತೆ ನಿಂತಿತು. ಅಂಗಡಿಯವನು, "ಏನಣ್ಣಾ, ಟೀ ಕುಡಿಯಕ್ಕೆ ಸೈಕಲ್ ಸಮೇತ ಒಳಕ್ಕೇ ಬಂದ್ಬಿಟ್ರಾ?" ಎಂದ.

ಬೀರೂರು ಬರುವವರೆಗೆ ಅವಳು ಸವೆದ ಚಪ್ಪಲಿಯ ಅಟ್ಟೆಯನ್ನೇ ತಿರುವಿ ತಿರುವಿ ನೋಡಿದಳು. ರೈಲಿನ ಕಿಟಕಿಯ ಬಳಿ ಕೂತು ನಾನು ಯೋಚಿಸಿದೆ: ಚೈನಿಗೆ ನುಣುಪು ಬೇಕು, ಬ್ರೇಕಿಗೆ ಒರಟು ಬೇಕು. ಸಂಸಾರದಲ್ಲೂ ಎಲ್ಲ ಕಡೆ ನಯವನ್ನೇ ಸವರುತ್ತ ಹೋದರೆ, ನಿಲ್ಲಿಸುವವರು ಯಾರು? ವಿಚಾರವೇನೋ ಘನವಾಗಿತ್ತು; ಅವಳಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಸಂಜೆ ಶಿವನಿಯಲ್ಲಿ ರೈಲಿಳಿದು ಮನೆಗೆ ವಾಪಸಾಗುವಾಗ ಅವಳು ಮುಂದೆ ನಡೆದಳು, ನಾನು ಸೈಕಲ್ಲು ತಳ್ಳಿದೆ. ಕ್ಯಾರಿಯರ್ ಇನ್ನು ಸೊಪ್ಪಿನ ಹೊರೆಗೇ ಸರಿ ಎಂದುಕೊಂಡು ನಿಜಕ್ಕೂ ಸಂಕಟಪಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಸರೋಜ ಅಂಗಳದಲ್ಲಿ ಕೂತು ರಿಮ್ಮು ತಿಕ್ಕುತ್ತಿದ್ದಾಳೆ, ಪಕ್ಕದಲ್ಲಿ ಬಟ್ಟಲ ತುಂಬ ಸೀಗೆಪುಡಿ.

"ಎಣ್ಣೆ ಹಚ್ಚಿದ್ಮೇಲೆ ಸೀಗೆಪುಡಿ ಹಾಕ್ದೆ ಬೀದಿಗೆ ಬಿಡ್ತಾರೇನ್ರೀ?"

ನಾನು ಬ್ರೇಕಿನ ರಬ್ಬರು ಬಿಚ್ಚಿ ಒರಟು ಕಲ್ಲಿಗೆ ಉಜ್ಜಿದೆ. ಎಲ್ಲ ಒಣಗಿದ ಮೇಲೆ, ಕರೆಯದೆಯೇ ಅವಳು ಕ್ಯಾರಿಯರ್ ಮೇಲೆ ಕೂತಳು. "ನಡೀರಿ, ಆ ಇಳಿಜಾರಿಗೇ ಹೋಗಾಣ."

ಇಳಿಜಾರಿನ ನಡುವೆ "ಈಗ ಹಿಡೀರಿ" ಎಂದಳು. ಹಿಡಿದೆ. ಸೈಕಲ್ಲು ಗಕ್ಕನೆ ನಿಂತು, ಅವಳ ಹಣೆ ನನ್ನ ಬೆನ್ನಿಗೆ ಬಡಿಯಿತು. ಇಳಿಯುತ್ತಾಳೇನೋ ಎಂದು ಒಂದು ಕಾಲೂರಿ ಕಾದೆ. ಅವಳು ಅಲುಗಲಿಲ್ಲ.

"ತುಳೀರಿ ಮತ್ತೆ, ಯಾಕೆ ನಿಂತ್ರಿ? ಅದು ಹಿಡೀದಿದ್ರೆ ನನ್ ಕಾಲಿಲ್ವಾ!"